ಸಾಲ ಹೊತ್ತು ಹೋದವರು ಯಾಕೆ ಮರಳುವುದಿಲ್ಲ: ಕಾರ್ಮಿಕ ವಲಸೆಯ ನಿಯಮ ಬರೆಯುವವರಿಗೆ ಬಹಿರಂಗ ಪತ್ರ

ಕೂಲಿ ಕಾರ್ಮಿಕರನ್ನು ಹೊರದೇಶಕ್ಕೆ ಕಳುಹಿಸುವ ಮತ್ತು ಹೊರಗಿನಿಂದ ಕರೆಸಿಕೊಳ್ಳುವ ಎಲ್ಲ ದೇಶಗಳ ಕಾರ್ಮಿಕ ಹಾಗೂ ವಲಸೆ ಖಾತೆಗಳ ಸಚಿವರಿಗೆ, ಅಧಿಕಾರಿಗಳಿಗೆ,

ಮಾನ್ಯರೇ,

ವಲಸೆಗೆ ಕಾರಣವೇನು ಎಂದು ಕೇಳಿದರೆ ನಿಮ್ಮ ಕಡತಗಳಲ್ಲಿ ಸಿಗುವ ಉತ್ತರ ಎರಡೇ ಪದಗಳದು: ಬಡತನ ಮತ್ತು ನಿರುದ್ಯೋಗ. ಎರಡೂ ಸುಳ್ಳಲ್ಲ. ಆದರೆ ಈ ಎರಡನ್ನೇ ನಂಬಿ ಬರೆದ ನಿಯಮಗಳು ದಶಕಗಳಿಂದ ಒಂದಾದ ಮೇಲೊಂದು ಸೋಲುತ್ತ ಬಂದಿವೆ. ಯಾರು ಹೊರಡುತ್ತಾರೆ, ಎಲ್ಲಿಗೆ ಹೋಗುತ್ತಾರೆ, ಯಾವಾಗ ಮರಳುತ್ತಾರೆ, ಯಾಕೆ ಮರಳುವುದಿಲ್ಲ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಹೊರಡುವ ಮುನ್ನ ಹೊತ್ತುಕೊಂಡ ಸಾಲ ಮತ್ತು ವೀಸಾದಲ್ಲಿ ಬರೆದ ಷರತ್ತು. ಬಡತನ ನೀಗಲು ತಲೆಮಾರುಗಳೇ ಬೇಕಾಗಬಹುದು. ಈ ಎರಡನ್ನು ಬದಲಿಸಲು ನಿಮ್ಮ ಸಹಿ ಸಾಕು. ಅದಕ್ಕಾಗಿ ಈ ಪತ್ರ.

ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆಡೆ ಇದ್ದವರು 30.4 ಕೋಟಿ. ಜಗತ್ತಿನ ಜನಸಂಖ್ಯೆಯಲ್ಲಿ ಇದು ಶೇ. 3.7 ಮಾತ್ರ. ಇವರಲ್ಲಿ ದುಡಿಯುತ್ತಿರುವ ಅಥವಾ ಕೆಲಸ ಹುಡುಕುತ್ತಿರುವವರು 2022ರಲ್ಲಿ 16.77 ಕೋಟಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, ಹೇಳುತ್ತದೆ. ಇನ್ನೊಂದು ಕಡೆ ಕೂಲಿಯ ಅಂತರ ನೋಡಿ. 42 ಬಡ ಮತ್ತು ಮಧ್ಯಮ ವರಮಾನದ ದೇಶಗಳ ಕಾರ್ಮಿಕರನ್ನು, ಅದೇ ದೇಶದಲ್ಲಿ ಹುಟ್ಟಿ ಅಷ್ಟೇ ಓದಿ ಅಮೆರಿಕದಲ್ಲಿ ದುಡಿಯುವವರ ಜೊತೆ ಹೋಲಿಸಿದಾಗ, ಬೆಲೆಗಳ ವ್ಯತ್ಯಾಸ ಕಳೆದ ಮೇಲೂ ಗಳಿಕೆಯ ಅಂತರ ಸರಿಸುಮಾರು ನಾಲ್ಕು ಪಟ್ಟು ಇರುವುದು ಕಂಡುಬಂದಿದೆ. ಮನುಷ್ಯ ಅವನೇ, ಕೈ ಅದೇ, ನಿಂತ ನೆಲ ಮಾತ್ರ ಬೇರೆ. ಗಡಿ ದಾಟಿದ ಮಾತ್ರಕ್ಕೆ ಕೂಲಿ ನಾಲ್ಕು ಪಟ್ಟಾಗುವುದಾದರೆ ನೂರರಲ್ಲಿ ತೊಂಬತ್ತಾರು ಮಂದಿ ಯಾಕೆ ಹುಟ್ಟಿದಲ್ಲೇ ಉಳಿದಿದ್ದಾರೆ? ಕೂಲಿಯ ಅಂತರ ಆಸೆ ಹುಟ್ಟಿಸುತ್ತದೆ. ಹೊರಡಿಸುವುದು ಬೇರೆ ಸಂಗತಿಗಳು.

ಕಡುಬಡವರು ದೇಶ ದಾಟುವುದು ಕಡಿಮೆ. ಪಾಸ್‌ಪೋರ್ಟ್, ವೈದ್ಯಕೀಯ ತಪಾಸಣೆ, ವಿಮಾನದ ಟಿಕೆಟ್, ಏಜೆಂಟನ ಕಮಿಷನ್, ಹೊರಟವನ ಗಳಿಕೆ ಬರುವವರೆಗೆ ಮನೆಯ ಖರ್ಚು, ಇಷ್ಟಕ್ಕೂ ಹಣ ಬೇಕು. ಒತ್ತೆ ಇಡಲು ತುಂಡು ನೆಲವಿದ್ದವರಿಗೆ, ಜಾಮೀನು ನಿಲ್ಲುವ ನೆಂಟರಿದ್ದವರಿಗೆ ಆ ಹಣ ಹುಟ್ಟುತ್ತದೆ. ಅದಕ್ಕೇ ದೇಶವೊಂದು ಬಡತನದಿಂದ ಮೇಲೇಳುವಾಗ ವಲಸೆ ಇಳಿಯುವ ಬದಲು ಏರುತ್ತದೆ. ತಲಾ ವರಮಾನ, ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಸುಮಾರು 10,000 ಡಾಲರ್ ಮುಟ್ಟುವವರೆಗೂ ಈ ಏರಿಕೆ ಸಾಮಾನ್ಯ. ಇಳಿಯುವುದು ಆಮೇಲೆ. "ಅಲ್ಲಿ ಅಭಿವೃದ್ಧಿಗೆ ನೆರವು ಕೊಟ್ಟರೆ ಇಲ್ಲಿಗೆ ಬರುವವರು ನಿಲ್ಲುತ್ತಾರೆ" ಎಂಬ ಲೆಕ್ಕಾಚಾರದಲ್ಲಿ ನೆರವು ಕೊಡುತ್ತಿರುವ ದೇಶಗಳು ಇದನ್ನು ಗಮನಿಸಬೇಕು. ನೆರವು ಕೊಡಿ, ಅದರ ಅಗತ್ಯ ಇದೆ. ಆದರೆ ಅದರಿಂದ ವಿಮಾನ ನಿಲ್ದಾಣ ಖಾಲಿಯಾಗುತ್ತದೆಂದು ನಿಮ್ಮ ಮತದಾರರಿಗೆ ಮಾತು ಕೊಡಬೇಡಿ.

ಇನ್ನೊಂದು ತಪ್ಪು ಎಣಿಕೆ, ವಲಸೆ ಹೋಗುವುದು ಒಬ್ಬನ ತೀರ್ಮಾನ ಎಂಬುದು. ತೀರ್ಮಾನ ಮನೆಯದು. ಮಳೆ ಕೈಕೊಟ್ಟರೆ ಬೆಳೆವಿಮೆ ಇಲ್ಲ, ಕಾಯಿಲೆ ಬಿದ್ದರೆ ಆರೋಗ್ಯ ವಿಮೆ ಇಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ, ಮುಪ್ಪಿಗೆ ಪಿಂಚಣಿ ಇಲ್ಲ. ಇಂಥ ಮನೆ ಒಬ್ಬರನ್ನು ದೂರದ ದೇಶಕ್ಕೆ ಕಳುಹಿಸಿದರೆ ಅದು ವಿಮೆಯ ಕಂತು ಕಟ್ಟಿದ ಹಾಗೆ. ಇಲ್ಲಿಯ ಬರಕ್ಕೂ ಅಲ್ಲಿಯ ಸಂಬಳಕ್ಕೂ ಸಂಬಂಧವಿಲ್ಲ, ಆದ್ದರಿಂದ ಎರಡೂ ಒಟ್ಟಿಗೆ ಮುಳುಗುವುದಿಲ್ಲ. ಊರಲ್ಲಿ ಉದ್ಯೋಗ ಇದ್ದವರೂ ಯಾಕೆ ಹೊರಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಬರೀ ಕೆಲಸ ಹುಟ್ಟಿಸಿದರೆ ಸಾಲದು. ವರ್ಷದ ಹನ್ನೆರಡು ತಿಂಗಳೂ ನಂಬಬಹುದಾದ ಗಳಿಕೆ, ಅಪಾಯಕ್ಕೆ ಆಸರೆ, ಎರಡೂ ಬೇಕು.

ಒಬ್ಬ ಹೋದ ಮೇಲೆ ಉಳಿದವರಿಗೆ ದಾರಿ ಅಗ್ಗವಾಗುತ್ತದೆ. ಯಾವ ಮಾಲೀಕ ಸಂಬಳ ಸರಿಯಾಗಿ ಕೊಡುತ್ತಾನೆ, ಮೊದಲ ತಿಂಗಳು ಎಲ್ಲಿ ಮಲಗಬಹುದು ಎಂಬ ಮಾಹಿತಿ ಅವನಿಂದ ಬರುತ್ತದೆ. ಒಂದೇ ಹಳ್ಳಿಯವರು ಒಂದೇ ನಗರದ ಒಂದೇ ಬಗೆಯ ಕೆಲಸದಲ್ಲಿ ಸಿಗುವುದಕ್ಕೆ ಇದಕ್ಕಿಂತ ದೊಡ್ಡ ರಹಸ್ಯವಿಲ್ಲ.

ಈಗ ಕರೆಸಿಕೊಳ್ಳುವ ದೇಶಗಳಿಗೆ ಒಂದು ಮಾತು. ಇವರು ತಾವಾಗಿ ನುಗ್ಗಿ ಬರುತ್ತಿಲ್ಲ, ನೀವು ಕರೆಯುತ್ತಿದ್ದೀರಿ. ಕಟ್ಟಡ ಕಟ್ಟುವುದು, ಹಣ್ಣು ಬಿಡಿಸುವುದು, ಮೀನು ಸಂಸ್ಕರಣೆ, ಶುಚಿಕಾರ್ಯ, ವೃದ್ಧರ ಆರೈಕೆ, ಮನೆಗೆಲಸ: ಇವ್ಯಾವುದನ್ನೂ ಬಟ್ಟೆ ಕಾರ್ಖಾನೆಯ ಹಾಗೆ ಕೂಲಿ ಅಗ್ಗವಿರುವ ದೇಶಕ್ಕೆ ಸಾಗಿಸಲಾಗದು. ಕೆಲಸ ಚಲಿಸುವುದಿಲ್ಲವಾದ್ದರಿಂದ ಕೆಲಸಗಾರ ಚಲಿಸಬೇಕು. ಜಪಾನಿನಲ್ಲಿ ಇಂಥ ಕೆಲಸಗಳನ್ನು ಮೂರು 'ಕೆ' ಎನ್ನುತ್ತಾರೆ: ಕಿತನಾಯ್, ಕಿಕೆನ್, ಕಿತ್ಸುಯ್. ಕೊಳಕು, ಅಪಾಯ, ಕಠಿಣ. ಸ್ಥಳೀಯರು ಬಿಟ್ಟುಹೋದ ಕೆಲಸಕ್ಕೆ ಸಂಬಳ ಏರಿಸಿದರೆ ಸಾಲದೇ ಎಂದು ಕೇಳುವುದು ಸಹಜ. ಕೆಳಗಿನ ಮೆಟ್ಟಿಲಿನ ಕೂಲಿ ಏರಿಸಿದರೆ ಅದರ ಮೇಲಿನ ಮೆಟ್ಟಿಲಿನವರೂ ತಮ್ಮ ಅಂತರ ಉಳಿಸಿಕೊಳ್ಳಲು ಕೇಳುತ್ತಾರೆ, ಏಣಿಯನ್ನೇ ಎತ್ತಬೇಕಾಗುತ್ತದೆ. ಮಾಲೀಕ ಅದರ ಬದಲು ಹೊರಗಿನವರನ್ನು ಕೇಳುತ್ತಾನೆ.

ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದಕ್ಕೆ ಒಳ್ಳೆಯ ನಿದರ್ಶನ ಅಮೆರಿಕದ ಬ್ರಸೆರೊ ಯೋಜನೆ. 1942ರಿಂದ 1964ರವರೆಗೆ ಮೆಕ್ಸಿಕೊದ ಕೃಷಿ ಕಾರ್ಮಿಕರಿಗೆ ಸುಮಾರು 45 ಲಕ್ಷ ಒಪ್ಪಂದಗಳನ್ನು ಕೊಟ್ಟು, ಬಳಿಕ ಒಂದೇ ಬಾರಿಗೆ ನಿಲ್ಲಿಸಲಾಯಿತು. ದೇಶದ ಕೂಲಿಗಳ ಸಂಬಳ ಏರುತ್ತದೆ ಎಂಬುದು ನಿಲ್ಲಿಸಿದವರ ವಾದ. ಬ್ರಸೆರೊಗಳನ್ನು ಹೆಚ್ಚು ನೆಚ್ಚಿಕೊಂಡಿದ್ದ ರಾಜ್ಯಗಳಲ್ಲಿ ಕೃಷಿಕೂಲಿ ಉಳಿದ ರಾಜ್ಯಗಳಿಗಿಂತ ಬೇಗ ಏರಲಿಲ್ಲ. ಟೊಮೆಟೊ ಕಟಾವಿಗೆ ಸಿದ್ಧವಿದ್ದ ಯಂತ್ರವನ್ನು ರೈತರು ಹೊಲಕ್ಕಿಳಿಸಿದರು. ಯಂತ್ರವಿಲ್ಲದ ಕೆಲವು ಬೆಳೆಗಳನ್ನು ಬೆಳೆಯುವುದನ್ನೇ ಕಡಿಮೆ ಮಾಡಿದರು. ಇದೇ ಯೋಜನೆಯ ಮೊದಲ ವರ್ಷಗಳಲ್ಲಿ ಕೂಲಿಗಳ ಸಂಬಳದಲ್ಲಿ ಶೇ. 10ನ್ನು ಉಳಿತಾಯವೆಂದು ಮುರಿದುಕೊಳ್ಳುತ್ತಿದ್ದರು. ಆ ಹಣ ಬಹಳಷ್ಟು ಮಂದಿಯ ಕೈಗೆ ಬರಲೇ ಇಲ್ಲ. "ಊರಿಗೆ ಮರಳಿದ ಮೇಲೆ ಕೊಡುತ್ತೇವೆ" ಎಂದು ಹೇಳುವ ಯಾವ ಕಡಿತವನ್ನೂ ನಾವು ಇಂದಿಗೂ ಅನುಮಾನದಿಂದ ನೋಡುವುದು ಇಂಥ ಅನುಭವಗಳಿಂದಲೇ.

ಒಂದು ಪದದ ಬಗ್ಗೆಯೂ ಹೇಳಿಬಿಡಬೇಕು. 'ಕಡಿಮೆ ಕೌಶಲದ ಕಾರ್ಮಿಕ' ಎಂಬುದು ಕೈಯನ್ನು ನೋಡಿ ಇಟ್ಟ ಹೆಸರಲ್ಲ, ವೀಸಾದ ವರ್ಗವನ್ನು ನೋಡಿ ಇಟ್ಟದ್ದು. ಕಬ್ಬಿಣದ ಸರಳು ಕಟ್ಟುವವನಿಗೆ, ಎತ್ತರದ ಸಾರುವೆಯ ಮೇಲೆ ಗಾರೆ ಹಿಡಿಯುವವನಿಗೆ, ಮರೆವಿನ ಕಾಯಿಲೆಯ ಮುದುಕಿಗೆ ರಮಿಸಿ ಊಟ ಮಾಡಿಸುವವಳಿಗೆ ಕೌಶಲ ಇಲ್ಲವೆನ್ನುವುದು ಅನ್ಯಾಯ. ಇಲ್ಲದಿರುವುದು ಕೌಶಲದ ಪ್ರಮಾಣಪತ್ರ. ಪ್ರಮಾಣಪತ್ರ ಇಲ್ಲದ್ದರಿಂದ ಕೆಲಸದ ಚೌಕಾಸಿಯಲ್ಲಿ ಅವರ ಕೈ ಕೆಳಗಾಗುತ್ತದೆ. ಮುಂದೆ ಹೇಳುವುದೆಲ್ಲ ಆ ಚೌಕಾಸಿಯ ಕಥೆ.

ಎಂಜಿನಿಯರನ್ನು ಹೊರದೇಶಕ್ಕೆ ಕರೆಸಿಕೊಂಡರೆ ಟಿಕೆಟ್ಟಿನ ಹಣ ಕಂಪನಿಯದು, ನೇಮಕಾತಿಯ ಖರ್ಚೂ ಕಂಪನಿಯದು. ಕೂಲಿಯನ್ನು ಕರೆಸಿಕೊಂಡರೆ ಖರ್ಚು ಕೂಲಿಯದೇ. ಯಾಕೆ? ಒಂದು ಜಾಗಕ್ಕೆ ನೂರು ಮಂದಿ ಕಾದಿರುತ್ತಾರೆ, ಹಾಗಾಗಿ ಕೆಲಸ ಅಲ್ಲ, ಸರದಿಯಲ್ಲಿ ನಿಲ್ಲುವ ಜಾಗವೇ ಮಾರಾಟದ ವಸ್ತುವಾಗುತ್ತದೆ. ಕೂಲಿಯ ಅಂತರ ಹೆಚ್ಚಿದಷ್ಟೂ ಆ ಜಾಗದ ಬೆಲೆ ಹೆಚ್ಚು. ಅಂದರೆ ವಲಸೆಯಿಂದ ಬರಬೇಕಾದ ಲಾಭವನ್ನು ಕಾರ್ಮಿಕ ಹೊರಡುವ ಮೊದಲೇ ಬೇರೆಯವರು ಎಣಿಸಿಕೊಂಡಿರುತ್ತಾರೆ.

ಸರಪಳಿ ಹೀಗಿರುತ್ತದೆ. ಮಾಲೀಕನಿಗೆ ಇನ್ನೂರು ಜನ ಬೇಕು. ಅವನು, ಅಥವಾ ಅವನಿಗೆ ಜನ ಪೂರೈಸುವ ಗುತ್ತಿಗೆ ಕಂಪನಿ, ಸರ್ಕಾರದಿಂದ ಅಷ್ಟು ಪರವಾನಗಿ ಪಡೆದು ಡಿಮಾಂಡ್ ಲೆಟರ್, ಅಂದರೆ ಇಷ್ಟು ಜನ ಬೇಕೆಂಬ ಪತ್ರ, ಹೊರಡಿಸುತ್ತದೆ. ಕಾರ್ಮಿಕರನ್ನು ಕಳುಹಿಸುವ ದೇಶದ ನೋಂದಾಯಿತ ಏಜೆನ್ಸಿಗಳು ಆ ಪತ್ರಕ್ಕಾಗಿ ಪೈಪೋಟಿ ನಡೆಸುತ್ತವೆ. ಪೈಪೋಟಿ ನಡೆಯುವುದು ಒಳ್ಳೆಯ ಕೆಲಸಗಾರನನ್ನು ಹುಡುಕಿಕೊಡುವುದರಲ್ಲಲ್ಲ, ಕಂಪನಿಯ ಸಿಬ್ಬಂದಿ ವಿಭಾಗಕ್ಕೆ ತಲೆಗಿಷ್ಟು ಎಂದು ಕಮಿಷನ್ ಕೊಡುವುದರಲ್ಲಿ. ಟಿಕೆಟ್ಟಿನ ಖರ್ಚನ್ನೂ ತಾನೇ ಭರಿಸುತ್ತೇನೆನ್ನುವ ಏಜೆನ್ಸಿಗೆ ಪತ್ರ ಸಿಗುತ್ತದೆ. ಆ ಹಣ ಎಲ್ಲಿಂದ? ಏಜೆನ್ಸಿ ನಗರದಲ್ಲಿರುತ್ತದೆ, ಹಳ್ಳಿಯಲ್ಲಿ ಅದಕ್ಕೆ ಕಾಲಿಲ್ಲ. ಅಲ್ಲಿ ಸಬ್ ಏಜೆಂಟ್ ಇದ್ದಾನೆ. ಅವನಿಗೆ ಪರವಾನಗಿಯೂ ಇಲ್ಲ, ರಸೀದಿ ಪುಸ್ತಕವೂ ಇಲ್ಲ, ಆದರೆ ಊರಿನವರ ನಂಬಿಕೆ ಇದೆ. ಹಣ ಅವನ ಮೂಲಕ, ನಗದಾಗಿ, ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ಹೋಗುವವನು ಇನ್ನೊಬ್ಬ ಏಜೆಂಟನ ಕಡೆ ವಾಲದಿರಲೆಂದು ಪಾಸ್‌ಪೋರ್ಟನ್ನು ಮೊದಲೇ ತೆಗೆದಿಟ್ಟುಕೊಳ್ಳುತ್ತಾರೆ. ವೈದ್ಯಕೀಯ ತಪಾಸಣೆಯಲ್ಲಿ ಅನರ್ಹನಾದರೆ ಮುಂಗಡ ಮರಳುವುದು ಅನುಮಾನ. ಕೆಲವು ಮಾರ್ಗಗಳಲ್ಲಿ, ಅಂದರೆ ಒಂದು ದೇಶದಿಂದ ಇನ್ನೊಂದಕ್ಕೆ ಕೂಲಿಗೆ ಹೋಗುವ ದಾರಿಗಳಲ್ಲಿ, ಹೀಗೆ ಕೊಟ್ಟ ಮೊತ್ತ ಅಲ್ಲಿಯ ಹಲವು ತಿಂಗಳ, ಕೆಲವೊಮ್ಮೆ ಒಂದು ವರ್ಷಕ್ಕೂ ಮೀರಿದ ಸಂಬಳಕ್ಕೆ ಸಮ.

ಈ ಸಾಲ ಏನು ಮಾಡುತ್ತದೆಂದು ಲೆಕ್ಕ ಹಾಕಿ ನೋಡೋಣ. ಯಾವ ದೇಶದ ನಾಣ್ಯವೂ ಬೇಡ. ಹೇಳಿದ ಸಂಬಳ ತಿಂಗಳಿಗೆ 100 ಎಂದಿಟ್ಟುಕೊಳ್ಳಿ. ಅಲ್ಲಿಯ ಖರ್ಚು 40 ಕಳೆದು 60ನ್ನು ಮನೆಗೆ ಕಳುಹಿಸಬಹುದು. ಹೊರಡಲು ಮಾಡಿದ ಸಾಲ 600, ಅಂದರೆ ಆರು ತಿಂಗಳ ಸಂಬಳ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ಎಲ್ಲವೂ ಹೇಳಿದಂತೆ ನಡೆದು, ಕಳುಹಿಸಿದ್ದೆಲ್ಲ ಸಾಲಕ್ಕೇ ಹೋದರೆ ಸುಮಾರು 12 ತಿಂಗಳಿಗೆ ಸಾಲ ತೀರುತ್ತದೆ. ಎರಡು ವರ್ಷದ ಒಪ್ಪಂದದಲ್ಲಿ ಉಳಿಕೆಗೆ ಒಂದು ವರ್ಷ. ಇನ್ನು, ಅಲ್ಲಿ ಇಳಿದ ಮೇಲೆ ಸಂಬಳ 100 ಅಲ್ಲ, 80 ಎಂದರು ಎನ್ನಿ. ಖರ್ಚು ಅಷ್ಟೇ ಇರುವುದರಿಂದ ಉಳಿಯುವುದು 40. ಸಂಬಳ ಇಳಿದದ್ದು ಐದನೇ ಒಂದು ಪಾಲು, ಸಾಲ ತೀರುವ ಕಾಲ ಮಾತ್ರ 12ರಿಂದ ಸುಮಾರು 20 ತಿಂಗಳಿಗೆ ಜಿಗಿಯುತ್ತದೆ. ಅದರ ಮೇಲೆ ಮೊದಲ ಮೂರು ತಿಂಗಳ ಸಂಬಳ ತಡೆಹಿಡಿದರೆ? ಬಡ್ಡಿ ಸೇರಿ ಸಾಲ 656 ಆಗುತ್ತದೆ, ತೀರಲು ಒಟ್ಟು 26 ತಿಂಗಳು ಬೇಕು. ಒಪ್ಪಂದ 24 ತಿಂಗಳದ್ದು. ಮಲಗುವ ಜಾಗ, ಊಟ, ದುಡಿಮೆ ಯಾವುದರಲ್ಲೂ ತಪ್ಪು ಮಾಡದ ಮನುಷ್ಯ ಎರಡು ವರ್ಷ ಬೆವರು ಹರಿಸಿ ಸಾಲಗಾರನಾಗಿಯೇ ಮರಳಬೇಕು.

ಅವನು ಮರಳುವುದಿಲ್ಲ. ನಿಮ್ಮ ದಾಖಲೆಗಳಲ್ಲಿ 'ಅವಧಿ ಮೀರಿ ಉಳಿದವನು', 'ಓಡಿಹೋದವನು' ಎಂದು ನಮೂದಾಗುವುದು ಈ ಹಂತದಲ್ಲಿ. ಗಡಿಯಲ್ಲಿ ಎಷ್ಟು ಕ್ಯಾಮೆರಾ ಇಟ್ಟರೂ ಈ ಲೆಕ್ಕ ಬದಲಾಗದು. ಬದಲಾಯಿಸುವ ದಾರಿ ಲೆಕ್ಕದೊಳಗೇ ಇದೆ. ಕೊನೆಯ ಸನ್ನಿವೇಶವನ್ನೇ ತೆಗೆದುಕೊಳ್ಳಿ: ಅದೇ ಕಡಿತ, ಅದೇ ಮೂರು ತಿಂಗಳ ತಡೆ. ಬಡ್ಡಿಯನ್ನು ಮಾತ್ರ ನೂರಕ್ಕೆ ಮೂರರಿಂದ ಒಂದಕ್ಕೆ ಇಳಿಸಿ. 26 ತಿಂಗಳು 20ಕ್ಕೆ ಇಳಿಯುತ್ತದೆ, ಒಪ್ಪಂದದ ಒಳಗೇ ಸಾಲ ತೀರುತ್ತದೆ. ಆರು ನೂರರ ಸಾಲವನ್ನೇ ಇಲ್ಲವಾಗಿಸಿದರೆ, ಅಂದರೆ ಖರ್ಚು ಮಾಲೀಕ ಕೊಟ್ಟರೆ, ಅದೇ ಮನುಷ್ಯ ಕೆಟ್ಟ ಮಾಲೀಕನನ್ನು ಮೂರನೇ ತಿಂಗಳಲ್ಲೇ ಬಿಟ್ಟು ಬರಬಲ್ಲ. ಕೆಟ್ಟ ಮಾಲೀಕನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

ಸಂಬಳ 100 ಇದ್ದದ್ದು 80 ಆಗುವುದು ಹೇಗೆ? ಎಷ್ಟೋ ಸಲ ಎರಡು ಒಪ್ಪಂದಗಳಿರುತ್ತವೆ. ಒಂದು, ತನ್ನ ದೇಶದ ಸರ್ಕಾರಕ್ಕೆ ತೋರಿಸಲು. ಇನ್ನೊಂದು, ವಿಮಾನ ಇಳಿದ ಮೇಲೆ, ಓದಲು ಬಾರದ ಭಾಷೆಯಲ್ಲಿ. ಸಾಲ ಹೊತ್ತು ಬಂದವನು ಆ ಹೊತ್ತಿಗೆ ಬೇಡ ಎನ್ನಲಾರ. ಒಂದೇ ಒಪ್ಪಂದ ಇದ್ದಾಗಲೂ ಮೋಸ ಅಂಕಿಗಳಲ್ಲಿ ಅಡಗಿರುತ್ತದೆ. ಸಬ್ ಏಜೆಂಟ್ ಬಾಯಲ್ಲಿ ಹೇಳುವುದು ಓವರ್‌ಟೈಮ್ ಸೇರಿದ ಮೊತ್ತ, ಕಾಗದದಲ್ಲಿ ಇರುವುದು ಮೂಲ ವೇತನ. ಓವರ್‌ಟೈಮ್ ಸಿಗದ ತಿಂಗಳು ಸಂಬಳ ಕುಸಿಯುತ್ತದೆ. ಊಟ, ವಸತಿ, ಸಮವಸ್ತ್ರ, ಪರವಾನಗಿ ನವೀಕರಣದ ಹೆಸರಿನ ಕಡಿತಗಳು ಬೇರೆ. ಒಪ್ಪಂದದ ಮೊದಲ ಪುಟದಲ್ಲಿ ಐದು ಅಂಕಿಗಳು ಕಾರ್ಮಿಕನ ಭಾಷೆಯಲ್ಲಿರಬೇಕು: ಮೂಲ ವೇತನ, ವಾರದ ಗಂಟೆಗಳು, ಓವರ್‌ಟೈಮ್ ದರ, ಎಲ್ಲ ಕಡಿತಗಳ ಮೊತ್ತ, ಕೈಗೆ ಬರುವ ಕನಿಷ್ಠ ಹಣ. ಎರಡೂ ಸರ್ಕಾರಗಳ ದಾಖಲೆಯಲ್ಲಿ ಅದೇ ಪ್ರತಿ ಇರಬೇಕು. ಆಮೇಲೆ ಸಹಿ ಮಾಡಿಸಿಕೊಂಡ ಯಾವ ಕಾಗದದಿಂದಲೂ ಈ ಅಂಕಿಗಳು ಕೆಳಗಿಳಿಯಕೂಡದು.

ನೇಮಕಾತಿಯ ಶುಲ್ಕ ಕಾರ್ಮಿಕನಿಂದ ಪಡೆಯಬಾರದೆಂಬುದು ಹೊಸ ಮಾತೇನಲ್ಲ. ಐಎಲ್‌ಒದ 1997ರ 181ನೇ ಒಡಂಬಡಿಕೆಯ 7ನೇ ವಿಧಿ ಅದನ್ನೇ ಹೇಳುತ್ತದೆ. ಯಾವ್ಯಾವ ಖರ್ಚು ಶುಲ್ಕವೆನಿಸುತ್ತದೆ ಎಂಬ ವಿವರಣೆಯನ್ನೂ ಐಎಲ್‌ಒ 2019ರಲ್ಲಿ ಪ್ರಕಟಿಸಿದೆ. ಸೋಲುತ್ತಿರುವುದು ಜಾರಿಯಲ್ಲಿ. ನೇಪಾಳ 2015ರಲ್ಲಿ ಕೊಲ್ಲಿಯ ದೇಶಗಳಿಗೆ ಮತ್ತು ಮಲೇಷ್ಯಾಕ್ಕೆ ಹೋಗುವವರಿಗೆ ವೀಸಾ, ಟಿಕೆಟ್ ಎರಡೂ ಉಚಿತ ಎಂಬ ನಿಯಮ ತಂದಿತು. ಏಜೆನ್ಸಿ ಪಡೆಯಬಹುದಾದ ಗರಿಷ್ಠ ಶುಲ್ಕ 10,000 ನೇಪಾಳಿ ರೂಪಾಯಿ ಎಂದಾಯಿತು. ಆದದ್ದೇನೆಂದರೆ, ಕಾರ್ಮಿಕರು ಅದರ ಹಲವು ಪಟ್ಟು ಕೊಡುತ್ತಲೇ ಹೋದರು, ರಸೀದಿ ಮಾತ್ರ 10,000ಕ್ಕೆ ಸಿಗತೊಡಗಿತು. ಮಿತಿ ಹೇರಿದರೆ ರಸೀದಿ ಮಿತಿಗೆ ಇಳಿಯುತ್ತದೆ, ಹಣ ಇಳಿಯುವುದಿಲ್ಲ.

ಆದ್ದರಿಂದ ವಿಮಾನ ನಿಲ್ದಾಣದಲ್ಲಿ "ನಾನು ಏನೂ ಕೊಟ್ಟಿಲ್ಲ" ಎಂದು ಸಹಿ ಮಾಡಿಸಿಕೊಳ್ಳುವುದನ್ನು ನಿಲ್ಲಿಸಿ. ಆ ಕ್ಷಣದಲ್ಲಿ ನಿಜ ಹೇಳಿದರೆ ಪ್ರಯಾಣ ರದ್ದಾಗುತ್ತದೆ, ಸಾಲ ಉಳಿಯುತ್ತದೆ. ಯಾರೂ ಹೇಳುವುದಿಲ್ಲ. ಕೇಳಬೇಕಾದದ್ದು ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲಿ, ಮೇಲ್ವಿಚಾರಕನಿಲ್ಲದ ಜಾಗದಲ್ಲಿ, ಕಾರ್ಮಿಕನ ಭಾಷೆ ಬಲ್ಲವರಿಂದ. ಹೇಗೆ ಕೇಳಬೇಕೆಂಬುದೂ ಮುಖ್ಯ. "ಶುಲ್ಕ ಕೊಟ್ಟಿರಾ?" ಎಂದರೆ ಇಲ್ಲವೆಂಬ ಉತ್ತರ ಸಿದ್ಧವಿರುತ್ತದೆ. "ಬರಲು ಒಟ್ಟು ಎಷ್ಟು ಸಾಲ ಮಾಡಿದಿರಿ, ಯಾರಲ್ಲಿ, ಎಷ್ಟು ಬಡ್ಡಿಗೆ, ಈವರೆಗೆ ಎಷ್ಟು ತೀರಿಸಿದ್ದೀರಿ?" ಎಂದು ಕೇಳಿದರೆ ನಿಜ ತಾನಾಗಿ ಹೊರಬರುತ್ತದೆ. ಒಂದು ತಂಡದಲ್ಲಿ ಹತ್ತು ಮಂದಿಯ ಉತ್ತರ ಒಂದೇ ಮೊತ್ತದ ಆಸುಪಾಸಿಗೆ ಬಂದರೆ ಅದು ಆ ಮಾರ್ಗದ ದರ. ಮಾಲೀಕ ಅಷ್ಟನ್ನು ಕಾರ್ಮಿಕರ ಬ್ಯಾಂಕ್ ಖಾತೆಗೆ ಮರುಪಾವತಿ ಮಾಡಬೇಕು. ಏಜೆನ್ಸಿಯಿಂದ ವಸೂಲಿ ಮಾಡಿಕೊಳ್ಳುವುದು ಅವನ ಜವಾಬ್ದಾರಿ. ಹೀಗೆ ಒಂದೆರಡು ಸಲ ಕೈ ಸುಟ್ಟುಕೊಂಡ ಕಂಪನಿ ಕಮಿಷನ್ ಕೊಡುವ ಏಜೆನ್ಸಿಯನ್ನು ದೂರವಿಡುತ್ತದೆ.

ಏಜೆನ್ಸಿಯ ಹೊಣೆಗೆ ಫಿಲಿಪ್ಪೀನ್ಸ್‌ನ 1995ರ ಕಾನೂನಿನಲ್ಲಿ ಒಳ್ಳೆಯ ಮಾದರಿ ಇದೆ. ಹೊರದೇಶದ ಮಾಲೀಕ ಸಂಬಳ ಕೊಡದಿದ್ದರೆ ಅವನನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಊರಲ್ಲೇ ಏಜೆನ್ಸಿಯ ಮೇಲೆ ದಾವೆ ಹೂಡಬಹುದು. ಇಬ್ಬರೂ ಒಟ್ಟಾಗಿಯೂ ಬೇರೆಬೇರೆಯಾಗಿಯೂ ಹೊಣೆ. ಸಬ್ ಏಜೆಂಟ್ ಮಾಡಿದ್ದೂ ಏಜೆನ್ಸಿಯದೇ ಕೃತ್ಯ ಎಂಬ ಒಂದು ಸಾಲನ್ನು ಎಲ್ಲ ದೇಶಗಳ ಕಾನೂನಿಗೂ ಸೇರಿಸಿ. "ಅವನು ಯಾರೋ ನಮಗೆ ಗೊತ್ತಿಲ್ಲ" ಎಂಬ ಉತ್ತರ ಅಲ್ಲಿಗೆ ಮುಗಿಯುತ್ತದೆ.

ಇನ್ನು ಎರಡನೆಯದು, ವೀಸಾದ ಷರತ್ತು. ಕಾರ್ಮಿಕನ ವಾಸದ ಹಕ್ಕನ್ನು ಒಬ್ಬ ಮಾಲೀಕನಿಗೆ ಕಟ್ಟಿಹಾಕುವ ಪದ್ಧತಿಗೆ ಕೊಲ್ಲಿಯ ದೇಶಗಳಲ್ಲಿ ಕಫಾಲಾ ಎಂಬ ಹೆಸರಿದೆ. ಹೆಸರು ಬೇರೆಯಾದರೂ ಗಂಟು ಹಲವು ಕಡೆ ಅದೇ. ಜಪಾನ್ 1993ರಲ್ಲಿ ತಂದ ತಾಂತ್ರಿಕ ತರಬೇತಿ ಯೋಜನೆಯಲ್ಲಿ ಬಂದವರನ್ನು ತರಬೇತಿದಾರರು ಎಂದು ಕರೆದರು, ಮಾಲೀಕರನ್ನು ಬದಲಿಸಲು ಬಿಡಲಿಲ್ಲ. ಸಾವಿರಾರು ಮಂದಿ ಕೆಲಸದ ಜಾಗದಿಂದ ಕಾಣೆಯಾದರು. 2024ರಲ್ಲಿ ಆ ಯೋಜನೆಯ ಬದಲು ಇನ್ನೊಂದನ್ನು ತರುವ ಕಾನೂನನ್ನು ಜಪಾನ್ ಅಂಗೀಕರಿಸಿತು. ಕತಾರ್ 2020ರಲ್ಲಿ ಕೆಲಸ ಬದಲಿಸಲು ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರ ಬೇಕಿಲ್ಲ ಎಂದಿತು, 2021ರಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಮೂಲ ವೇತನವನ್ನು ಎಲ್ಲ ದೇಶದವರಿಗೂ ಅನ್ವಯಿಸಿತು. ಒಳ್ಳೆಯ ಹೆಜ್ಜೆ. ಆದರೆ ಕಾರ್ಮಿಕನ ವಿರುದ್ಧ 'ಓಡಿಹೋದ' ಎಂದು ದೂರು ಕೊಡುವ ಅಧಿಕಾರ ಮಾಲೀಕನ ಕೈಯಲ್ಲಿ ಉಳಿದಿರುವ ಯಾವುದೇ ದೇಶದಲ್ಲಿ, ಕೆಲಸ ಬದಲಿಸುವ ಹಕ್ಕು ಕಾಗದದಲ್ಲಿದ್ದರೂ ಬಳಸುವುದು ಕಷ್ಟ. ಸಂಬಳದ ದೂರು ಕೊಟ್ಟ ಮರುದಿನವೇ ಓಡಿಹೋದ ದೂರು ದಾಖಲಾಗುತ್ತದೆ. ಸಂಬಳದ ದೂರು ಬಾಕಿ ಇರುವಾಗ ಅಂಥ ದೂರನ್ನು ಸ್ವೀಕರಿಸಬಾರದು. ಪ್ರಕರಣ ಮುಗಿಯುವವರೆಗೆ ಬೇರೆಡೆ ದುಡಿಯುವ ಪರವಾನಗಿ ಕೊಡಬೇಕು. ದುಡಿಮೆ ಇಲ್ಲದೆ ಯಾವ ಸಾಲಗಾರನೂ ನ್ಯಾಯಕ್ಕಾಗಿ ಆರು ತಿಂಗಳು ಕಾಯಲಾರ.

ಸಂಬಳ ಬ್ಯಾಂಕಿನ ಮೂಲಕವೇ ಆಗಬೇಕೆಂಬ ನಿಯಮ, ಯುಎಇ 2009ರಲ್ಲಿ ಆರಂಭಿಸಿದಂಥದ್ದು, ಉಪಯುಕ್ತ. ಆದರೆ ಅದು ಹಣ ಖಾತೆಗೆ ಬಿದ್ದದ್ದನ್ನು ಮಾತ್ರ ತೋರಿಸುತ್ತದೆ. ಎಟಿಎಂ ಕಾರ್ಡು ಮೇಲ್ವಿಚಾರಕನ ಜೇಬಿನಲ್ಲಿದ್ದರೆ, ಬಿದ್ದ ಹಣದಲ್ಲಿ ಒಂದು ಪಾಲನ್ನು ನಗದಾಗಿ ಮರಳಿ ಪಡೆಯುತ್ತಿದ್ದರೆ, ಕಂಪ್ಯೂಟರಿನ ಪರದೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ತಪಾಸಣೆಗೆ ಹೋದವರು ಕಾರ್ಡು ಯಾರ ಬಳಿ ಇದೆ, ಪಾಸ್‌ಪೋರ್ಟ್ ಯಾರ ಬಳಿ ಇದೆ ಎಂದು ಮೊದಲು ನೋಡಬೇಕು.

ಮಾರ್ಗ ಇಲ್ಲ ಎನ್ನುವವರಿಗೆ ದಕ್ಷಿಣ ಕೊರಿಯಾವನ್ನು ತೋರಿಸುತ್ತೇವೆ. ಅಲ್ಲಿಯೂ ಮೊದಲು ತರಬೇತಿ ಎಂಬ ಹೆಸರಿನ ಯೋಜನೆಯಿತ್ತು. ಶುಲ್ಕ ವಿಪರೀತ, ಭತ್ಯೆ ಕಡಿಮೆ, ಓಡಿಹೋಗುವವರು ಬಹಳ. 2004ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಉದ್ಯೋಗ ಪರವಾನಗಿ ಪದ್ಧತಿಯಲ್ಲಿ ಖಾಸಗಿ ಏಜೆನ್ಸಿಗಳನ್ನು ಹೊರಗಿಟ್ಟು, ಸರ್ಕಾರ ಮತ್ತು ಸರ್ಕಾರಗಳ ನಡುವೆಯೇ ಆಯ್ಕೆ ನಡೆಯುವಂತೆ ಮಾಡಿದರು. ಕೊರಿಯನ್ ಭಾಷೆಯ ಪರೀಕ್ಷೆ ಪಾಸಾದವರ ಪಟ್ಟಿಯಿಂದ ಮಾಲೀಕ ಆರಿಸಿಕೊಳ್ಳುತ್ತಾನೆ, ದೇಶದ ಕಾರ್ಮಿಕ ಕಾನೂನೂ ಕನಿಷ್ಠ ವೇತನವೂ ಅನ್ವಯಿಸುತ್ತವೆ. ಒಬ್ಬರು ಹೋಗಲು ತಗಲುವ ಖರ್ಚು 2001ರಲ್ಲಿ ಸರಾಸರಿ ಸುಮಾರು 3,500 ಡಾಲರ್ ಇದ್ದದ್ದು ಹತ್ತು ವರ್ಷಗಳಲ್ಲಿ 1,000 ಡಾಲರ್‌ಗಿಂತ ಕೆಳಗಿಳಿಯಿತು. ಕೊರತೆಗಳೂ ಇವೆ, ಮುಚ್ಚಿಡುವುದು ಸರಿಯಲ್ಲ. ಮೊದಲ ಮೂರು ವರ್ಷಗಳಲ್ಲಿ ಕೆಲಸದ ಜಾಗ ಬದಲಿಸಲು ಮೂರೇ ಅವಕಾಶ, ಅದಕ್ಕೂ ಕಾರಣಗಳ ಪಟ್ಟಿ ಇದೆ. ಒಂದು ಸಲಕ್ಕೆ ಇರಬಹುದಾದ ಗರಿಷ್ಠ ಅವಧಿ 4 ವರ್ಷ 10 ತಿಂಗಳು. ಐದು ವರ್ಷ ತುಂಬಿದರೆ ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದಾದ್ದರಿಂದ ಎರಡು ತಿಂಗಳು ಮೊದಲೇ ನಿಲ್ಲಿಸಿದ್ದಾರೆ. ಆದರೂ ಮಧ್ಯವರ್ತಿಯನ್ನು ತೆಗೆದರೆ ಬೆಲೆ ಇಳಿಯುತ್ತದೆ ಎಂಬುದು ಇಲ್ಲಿ ಸಾಬೀತಾಗಿದೆ.

ಮರಳಿ ಬರುವ ಭರವಸೆ ಇದ್ದವನು ಊರಿಗೆ ಹೋಗುತ್ತಾನೆ. ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿ, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್, 1961ರಲ್ಲಿ ಟರ್ಕಿ ಹೀಗೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿತು. 1973ರವರೆಗೆ ಬಂದವರು ಸುಮಾರು 1.4 ಕೋಟಿ, ಅವರಲ್ಲಿ ಸುಮಾರು 1.1 ಕೋಟಿ ಮಂದಿ ಮರಳಿದರು. 1973ರ ನವೆಂಬರ್‌ನಲ್ಲಿ ಹೊಸ ನೇಮಕಾತಿ ನಿಲ್ಲಿಸಿದ ಕೂಡಲೇ ಉಳಿದವರಿಗೆ ಒಂದು ಸಂಗತಿ ಸ್ಪಷ್ಟವಾಯಿತು: ಈಗ ಹೋದರೆ ಮತ್ತೆ ಬರಲಾಗದು. ಅವರು ಹೋಗಲಿಲ್ಲ, ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಕುಟುಂಬದೊಡನೆ ಬಾಳುವುದು ಅವರ ಹಕ್ಕು, ಅದರಲ್ಲಿ ತಪ್ಪಿಲ್ಲ. ನಮ್ಮ ಮಾತು ಇಷ್ಟೇ: ಬಂದವರು ನೆಲೆಸಬಾರದೆಂದು ಹಾಕಿದ ಬೀಗವೇ ಅವರನ್ನು ನೆಲೆಯೂರಿಸಿತು.

ಇದಕ್ಕೆ ಎದುರಾಗಿ ನ್ಯೂಜಿಲೆಂಡ್ 2007ರಲ್ಲಿ ತಂದ ಋತುಕಾಲಿಕ ಯೋಜನೆ ನೋಡಿ. ಪೆಸಿಫಿಕ್ ದ್ವೀಪಗಳ ಜನ ದ್ರಾಕ್ಷಿ, ಸೇಬು ತೋಟಗಳಿಗೆ 11 ತಿಂಗಳಲ್ಲಿ 7 ತಿಂಗಳವರೆಗೆ ಬಂದು ದುಡಿಯುತ್ತಾರೆ. ವಿಮಾನದ ಖರ್ಚಿನಲ್ಲಿ ಅರ್ಧ ಮಾಲೀಕನದು. ಚೆನ್ನಾಗಿ ದುಡಿದವರು ಮುಂದಿನ ವರ್ಷ ಮತ್ತೆ ಬರಬಹುದು. ಅವಧಿ ಮೀರಿ ಉಳಿಯುವವರು ಅತಿ ವಿರಳ. ಟೊಂಗಾ, ವನುವಾಟುಗಳಲ್ಲಿ ಇದರಲ್ಲಿ ಪಾಲ್ಗೊಂಡ ಮನೆಗಳ ತಲಾ ವರಮಾನ ಇತರ ಮನೆಗಳಿಗಿಂತ ಶೇ. 30ಕ್ಕೂ ಹೆಚ್ಚು ಏರಿದ್ದು ಮೌಲ್ಯಮಾಪನದಲ್ಲಿ ಕಂಡಿದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಮರಳಿ ಕರೆಯುವ ಅಧಿಕಾರ ಮಾಲೀಕನೊಬ್ಬನದೇ ಆದರೆ ಅದು ಬಾಯಿಗೆ ಹಾಕಿದ ಬೀಗ. ಕೆನಡಾದಲ್ಲಿ 1966ರಿಂದ ನಡೆದಿರುವ ಋತುಕಾಲಿಕ ಕೃಷಿ ಯೋಜನೆಯಲ್ಲಿ ಮಾಲೀಕ ಹೆಸರು ಹಿಡಿದು ಕರೆಸಿಕೊಳ್ಳಬಹುದು. ಮುಂದಿನ ವರ್ಷದ ಪಟ್ಟಿಯಲ್ಲಿ ತನ್ನ ಹೆಸರು ಬಿಟ್ಟುಹೋಗಬಾರದೆಂದು ಕೀಟನಾಶಕದ ತೊಂದರೆಯನ್ನೂ ಬೆನ್ನುನೋವನ್ನೂ ನುಂಗಿಕೊಳ್ಳುವವರಿದ್ದಾರೆ. ಮರಳುವ ಹಕ್ಕು ಕಾರ್ಮಿಕನ ಹೆಸರಿನಲ್ಲಿ ಸರ್ಕಾರದ ದಾಖಲೆಯಲ್ಲಿರಲಿ, ಯಾವ ಮಾಲೀಕನ ಬಳಿಗೆ ಎಂಬುದನ್ನು ಅವನೇ ಆರಿಸಲಿ.

ಕಳುಹಿಸುವ ಸರ್ಕಾರಗಳಿಗೆ ಎರಡು ಮಾತು ಬಾಕಿ ಇವೆ. ಮಹಿಳೆಯರ ಮೇಲೆ ದೌರ್ಜನ್ಯದ ಸುದ್ದಿ ಬಂದಾಗಲೆಲ್ಲ ಆ ದೇಶಕ್ಕೆ ಮನೆಗೆಲಸಕ್ಕೆ ಹೋಗುವುದನ್ನೇ ನಿಷೇಧಿಸುವುದು ನಿಮಗೆ ಸುಲಭ ದಾರಿಯಾಗಿದೆ. ಇಂಡೊನೇಷ್ಯಾ 2015ರಲ್ಲಿ ಸುಮಾರು 20 ದೇಶಗಳಿಗೆ ಅಂಥ ತಡೆ ಹಾಕಿತು. ಆದರೂ ಹೋಗುವವರು ನಿಲ್ಲಲಿಲ್ಲ. ಪ್ರವಾಸಿ ವೀಸಾದಲ್ಲಿ, ಮೂರನೇ ದೇಶದ ಮೂಲಕ ಹೋದರು. ದಾರಿ ದುಬಾರಿಯಾಯಿತು, ನೋಂದಾಯಿತ ಒಪ್ಪಂದ, ವಿಮೆ, ರಾಯಭಾರ ಕಚೇರಿಯ ದಾಖಲೆ ಮೂರೂ ತಪ್ಪಿದವು. ನಿಷೇಧದಿಂದ ಆಗುವುದು ಇಷ್ಟೇ: ದೌರ್ಜನ್ಯ ನಡೆದರೂ ನಿಮ್ಮ ಪುಸ್ತಕದಲ್ಲಿ ಆಕೆಯ ಹೆಸರು ಇರುವುದಿಲ್ಲ. ಅದರ ಬದಲು ಮನೆಗೆಲಸದವರ ಕುರಿತ ಐಎಲ್‌ಒದ 2011ರ 189ನೇ ಒಡಂಬಡಿಕೆಯನ್ನು ಒಪ್ಪಂದದ ಅಡಿಪಾಯವಾಗಿ ಕೇಳಿ: ವಾರಕ್ಕೆ ಎಡಬಿಡದೆ 24 ಗಂಟೆಗಳ ಬಿಡುವು, ಲಿಖಿತ ಕರಾರು, ಪಾಸ್‌ಪೋರ್ಟ್ ತನ್ನ ಬಳಿಯೇ.

ಇದನ್ನು ಗಟ್ಟಿಯಾಗಿ ಕೇಳಲು ನೀವು ಹಿಂಜರಿಯುವ ಕಾರಣವೂ ನಮಗೆ ಗೊತ್ತು. ನೇಪಾಳದ ಜಿಡಿಪಿಯಲ್ಲಿ ಹೊರಗಿನಿಂದ ಬರುವ ಹಣ ಸುಮಾರು ಕಾಲು ಭಾಗ. ಗಟ್ಟಿಯಾಗಿ ಕೇಳಿದರೆ ಕೋಟಾ ಪಕ್ಕದ ದೇಶಕ್ಕೆ ಹೋಗುತ್ತದೆಂಬ ಭಯ ಎಲ್ಲ ಕಳುಹಿಸುವ ದೇಶಗಳಿಗೂ ಇದೆ. ಒಬ್ಬೊಬ್ಬರೇ ಮೇಜಿಗೆ ಹೋಗುವುದರಿಂದ ಆ ಭಯ ನಿಜವಾಗುತ್ತದೆ. ಒಂದೇ ಮಾರುಕಟ್ಟೆಗೆ ಕಳುಹಿಸುವ ದೇಶಗಳು ಕನಿಷ್ಠ ವೇತನ ಮತ್ತು ಶೂನ್ಯ ಶುಲ್ಕ ಎಂಬ ಎರಡು ಷರತ್ತುಗಳನ್ನು ಒಟ್ಟಾಗಿ ಇಟ್ಟರೆ ಕರೆಸಿಕೊಳ್ಳುವವರಿಗೆ ಓಡಿಹೋಗಲು ಜಾಗವಿರುವುದಿಲ್ಲ, ಏಕೆಂದರೆ ಅವರ ಕಟ್ಟಡ, ತೋಟ, ವೃದ್ಧಾಶ್ರಮ ಯಾವುದೂ ಕದಲುವುದಿಲ್ಲ. ಅಲ್ಲಿಯವರೆಗೆ ನಿಮ್ಮ ಕೈಯಲ್ಲೇ ಇರುವ ಒಂದು ಕೆಲಸ ಮಾಡಿ. ನೋಂದಾಯಿತ ಒಪ್ಪಂದವನ್ನೇ ಆಧಾರವಾಗಿಟ್ಟುಕೊಂಡು ಸರ್ಕಾರಿ ಬ್ಯಾಂಕಿನಿಂದ ಸಾಲ ಕೊಡಿಸಿ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದನ್ನು ಮೀರದಿರಲಿ. ಕಂತು ನಾಲ್ಕನೇ ತಿಂಗಳಿಂದ ಆರಂಭವಾಗಲಿ. ಹಣ ಸಬ್ ಏಜೆಂಟನ ಕೈಗೆ ಹೋಗದೆ ವಿಮಾನ ಕಂಪನಿ, ತಪಾಸಣಾ ಕೇಂದ್ರಗಳಿಗೆ ನೇರ ಪಾವತಿಯಾಗಲಿ. ಮಾಲೀಕ ಮೋಸ ಮಾಡಿದ್ದರೆ ಕಂತು ತಡೆಹಿಡಿಯುವ ವಿಮೆ ಸಾಲದ ಜೊತೆಗೇ ಇರಲಿ.

1990ರ ಡಿಸೆಂಬರ್ 18ರಂದು ವಿಶ್ವಸಂಸ್ಥೆ ವಲಸೆ ಕಾರ್ಮಿಕರ ಮತ್ತು ಅವರ ಕುಟುಂಬಗಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಜಾರಿಗೆ ಬರಲು 2003ರವರೆಗೆ ಕಾಯಬೇಕಾಯಿತು. ಸಹಿ ಹಾಕಿದವರು ಬಹುಪಾಲು ಕಳುಹಿಸುವ ದೇಶಗಳು. ಅದಕ್ಕೆ ಕರೆಸಿಕೊಳ್ಳುವ ದೇಶಗಳು ಸೇರಲಿ ಎಂದು ನಾವು ಇನ್ನೂ ಕೇಳುತ್ತೇವೆ. ಆದರೆ ಮೂರನೇ ತಿಂಗಳಲ್ಲಿ ಕಾರ್ಮಿಕನನ್ನು ಕೂರಿಸಿ ಸಾಲದ ಮೊತ್ತ ಕೇಳಲು ಯಾವ ಒಡಂಬಡಿಕೆಯೂ ಬೇಕಿಲ್ಲ. ಮುಂದಿನ ದ್ವಿಪಕ್ಷೀಯ ಸಭೆಯ ಕಾರ್ಯಸೂಚಿಗೆ ಆ ಒಂದು ಅಂಶ ಸೇರಿಸಿ. ಮೊದಲ ನೂರು ಉತ್ತರಗಳನ್ನು, ಹೆಸರು ತೆಗೆದು, ಮಾರ್ಗವಾರು ಮೊತ್ತಗಳ ಸಮೇತ ಪ್ರಕಟಿಸಿ.

ಇಂತಿ,
ವಲಸೆ ಕಾರ್ಮಿಕರ ಒಪ್ಪಂದ, ನೇಮಕಾತಿ ಮತ್ತು ವೇತನ ವ್ಯಾಜ್ಯಗಳಲ್ಲಿ ದುಡಿಯುವವರು